ಮುಂದಿನ ನಿಲ್ದಾಣ ಯಾವುದು? ಪೈಥಾನ್‌ನಲ್ಲಿ ಕೊಂಡಿ ಜೋಡಿಸುವ ಕೆಲಸ

ಗೋವಾದ ದಕ್ಷಿಣ ತುದಿಯಲ್ಲಿರುವ ಕಾಣಕೋಣದ ಸ್ಟೇಶನ್ ಮಾಸ್ಟರಿಗೆ ಒಂದು ಗಾಡಿ ಬಿಡಲು ಇಡೀ ಕೊಂಕಣ ರೈಲ್ವೆಯ ನಕ್ಷೆ ಬೇಕಾಗುವುದಿಲ್ಲ. ಗಾಡಿ ಕಾರವಾರದ ಕಡೆ ಹೊರಟಿದ್ದರೆ ಪಕ್ಕದ ಲೋಲಿಯೆಂ ನಿಲ್ದಾಣದಿಂದ ‘ಲೈನ್ ಕ್ಲಿಯರ್’ ಸಿಕ್ಕರೆ ಸಾಕು. ಲೋಲಿಯೆಂ ಅಸ್ನೋಟಿಯನ್ನು ಕೇಳುತ್ತದೆ, ಅಸ್ನೋಟಿ ಕಾರವಾರವನ್ನು ಕೇಳುತ್ತದೆ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ 741 ಕಿಲೋಮೀಟರ್ ಹಬ್ಬಿರುವ, 1998ರ ಜನವರಿ 26ರಂದು ಪೂರ್ತಿಯಾಗಿ ಸಂಚಾರಕ್ಕೆ ತೆರೆದುಕೊಂಡ, ಇವತ್ತಿಗೂ ಬಹುಪಾಲು ಒಂದೇ ಹಳಿಯ ಈ ಮಾರ್ಗ ನಡೆಯುವುದು ಹೀಗೆ. ಪ್ರತಿ ನಿಲ್ದಾಣವೂ ತನ್ನ ನೆರೆಯ ನಿಲ್ದಾಣವನ್ನು ಬಲ್ಲದು. ಆ ಬಲ್ಲತನಗಳನ್ನು ಒಂದರ ಹಿಂದೆ ಒಂದು ಹಿಡಿದು ಹೋದರೆ ಇಡೀ ಮಾರ್ಗ ಕೈಗೆ ಸಿಗುತ್ತದೆ.

ಕಂಪ್ಯೂಟರ್ ಕಲಿಯುವವರು ಇದನ್ನೇ ಲಿಂಕ್ಡ್ ಲಿಸ್ಟ್ ಎನ್ನುತ್ತಾರೆ. ಮಾಹಿತಿಯನ್ನು ಮೆಮೊರಿಯಲ್ಲಿ ಸಾಲಾಗಿ ಪೇರಿಸಿಡುವ ಬದಲು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಇಟ್ಟು, ಪ್ರತಿಯೊಂದಕ್ಕೂ ‘ನಿನ್ನ ಮುಂದಿನದು ಇಲ್ಲಿದೆ’ ಎಂಬ ಒಂದು ವಿಳಾಸ ಕಟ್ಟಿಕೊಡುವುದು. ಅಂಥ ಒಂದೊಂದು ತುಣುಕಿಗೆ ನೋಡ್ ಎಂದು ಹೆಸರು. ಮೊದಲನೆಯ ನೋಡ್ ಎಲ್ಲಿದೆ ಎಂದು ಗೊತ್ತಿದ್ದರೆ ಉಳಿದದ್ದನ್ನೆಲ್ಲ ಕೊಂಡಿಯೇ ತೋರಿಸುತ್ತದೆ.

ಸಿ ಭಾಷೆಯಲ್ಲಿ ಓದಿದವರಿಗೆ ಇದು ಪಾಯಿಂಟರ್‌ಗಳ ಪಾಠ. ಈಗಿನ ಮಕ್ಕಳು ಮೊದಲು ಕಲಿಯುವುದು ಪೈಥಾನ್, ಜಾವಾಸ್ಕ್ರಿಪ್ಟ್‌ಗಳಂಥ ಸ್ಕ್ರಿಪ್ಟಿಂಗ್ ಭಾಷೆಗಳನ್ನು. ಅಲ್ಲಿ ಪಾಯಿಂಟರ್ ಎಂಬ ಮಾತೇ ಬರುವುದಿಲ್ಲ. ಚೌಕ ಕಂಸ ಹಾಕಿದರೆ ಸಿದ್ಧ ಲಿಸ್ಟ್ ಎದುರಿಗಿರುತ್ತದೆ, ಸೇರಿಸಲು ಒಂದು ಕಮಾಂಡ್, ತೆಗೆಯಲು ಇನ್ನೊಂದು. ಹಾಗಾಗಿ ‘ಪೈಥಾನ್‌ನಲ್ಲಿ ಲಿಂಕ್ಡ್ ಲಿಸ್ಟ್ ಏಕೆ ಬರೆಯಬೇಕು’ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಬರೆಯಬೇಕು ಎಂಬುದು ನನ್ನ ಗಟ್ಟಿ ನಿಲುವು. ಮೆಮೊರಿಯ ಚಿಂತೆಯಿಲ್ಲದೆ ಬರೆಯುವ ಸುಖವನ್ನು ಸ್ಕ್ರಿಪ್ಟಿಂಗ್ ಭಾಷೆಗಳಿಗೆ ದೊರಕಿಸಿಕೊಟ್ಟದ್ದೇ ಲಿಂಕ್ಡ್ ಲಿಸ್ಟ್. ಆ ಕಥೆಗೆ ಬರುವ ಮೊದಲು ಒಂದನ್ನು ಕಟ್ಟಿ ನೋಡೋಣ.

ಪೈಥಾನ್ 3ರಿಂದ, ಅಂದರೆ 2008ರ ಡಿಸೆಂಬರ್‌ನಿಂದ, ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಭಾಷೆಯ ಮೀಸಲು ಪದಗಳು ಮಾತ್ರ ರೋಮನ್ ಲಿಪಿಯಲ್ಲಿ ಉಳಿಯುತ್ತವೆ. ‘ಸ್ಟೇಶನ್’ ಎಂಬ ಕ್ಲಾಸ್ ಒಂದನ್ನು ಬರೆದು, ಅದರೊಳಗೆ ಎರಡೇ ಸಂಗತಿಗಳನ್ನು ಇಟ್ಟುಕೊಂಡಿದ್ದೇವೆ ಎಂದುಕೊಳ್ಳಿ: ‘ಹೆಸರು’ ಮತ್ತು ‘ಮುಂದೆ’. ಹುಟ್ಟುವಾಗ ‘ಮುಂದೆ’ ಖಾಲಿ. ಪೈಥಾನ್‌ನಲ್ಲಿ ಆ ಖಾಲಿತನದ ಹೆಸರು ‘ನನ್’. ಇನ್ನು ಗೋವಾದ ಎರಡು ನಿಲ್ದಾಣಗಳನ್ನು ಹುಟ್ಟಿಸಿ ಜೋಡಿಸುವುದಕ್ಕೆ ಇಷ್ಟು ಸಾಕು:

ಬಳ್ಳಿ = ಸ್ಟೇಶನ್("ಬಳ್ಳಿ")
ಕಾಣಕೋಣ = ಸ್ಟೇಶನ್("ಕಾಣಕೋಣ")
ಬಳ್ಳಿ.ಮುಂದೆ = ಕಾಣಕೋಣ

ಮೂರನೆಯ ಸಾಲಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಕಲಿಯುವವರು ಎಡವುವುದು ಇಲ್ಲೇ. ಬಳ್ಳಿಯ ಒಳಗೆ ಕಾಣಕೋಣ ನಿಲ್ದಾಣದ ಒಂದು ಪ್ರತಿ ಹೋಗಿ ಕೂತಿತು ಎಂದು ಬಹಳ ಜನ ಭಾವಿಸುತ್ತಾರೆ. ಹಾಗಲ್ಲ. ಕಾಣಕೋಣ ಇರುವುದು ಒಂದೇ. ಅದರ ವಿಳಾಸ ಮಾತ್ರ ಈಗ ಎರಡು ಕಡೆ ಇದೆ: ‘ಕಾಣಕೋಣ’ ಎಂದು ನಾವಿಟ್ಟ ಹೆಸರಿನಲ್ಲಿ ಒಂದು, ಬಳ್ಳಿಯ ‘ಮುಂದೆ’ಯಲ್ಲಿ ಇನ್ನೊಂದು. 64 ಬಿಟ್ ಕಂಪ್ಯೂಟರಿನಲ್ಲಿ ಈ ವಿಳಾಸದ ತೂಕ 8 ಬೈಟ್. ಪೈಥಾನ್‌ನಲ್ಲಿ ಸಮ ಚಿಹ್ನೆ ಎಂದೂ ವಸ್ತುವನ್ನು ನಕಲು ಮಾಡುವುದಿಲ್ಲ. ಇರುವ ವಸ್ತುವಿಗೆ ಇನ್ನೊಂದು ಹಿಡಿಕೆ ಕೊಡುತ್ತದೆ. ಇದನ್ನು ಬಾಯಿಪಾಠ ಮಾಡಿದರೆ ಮನಸ್ಸಿಗೆ ಹತ್ತುವುದಿಲ್ಲ. ನಾಲ್ಕು ನೋಡ್‌ಗಳನ್ನು ಕೈಯಾರೆ ಜೋಡಿಸಿ, ಒಂದರ ಹೆಸರನ್ನು ಒಂದು ಕಡೆಯಿಂದ ಬದಲಾಯಿಸಿ, ಅದು ಇನ್ನೊಂದು ಕಡೆಯಿಂದಲೂ ಬದಲಾಗಿ ಕಾಣುವುದನ್ನು ನೋಡಿದಾಗ ಹತ್ತುತ್ತದೆ. ಪೈಥಾನ್ ಕಲಿಯುವವರಿಗೆ ಲಿಂಕ್ಡ್ ಲಿಸ್ಟ್ ಕೊಡುವ ಮೊದಲ ಲಾಭ ಇದು. ಇದರ ಮುಂದೆ ವೇಗದ ಲೆಕ್ಕಾಚಾರಗಳೆಲ್ಲ ಎರಡನೆಯವು.

ಸಾಲಿನ ಉದ್ದಕ್ಕೂ ನಡೆಯಲು ಒಂದು ಹೊಸ ಹೆಸರು ಸಾಕು. ‘ಇಲ್ಲಿ’ ಎಂದಿಟ್ಟುಕೊಳ್ಳೋಣ. ಮೊದಲ ನಿಲ್ದಾಣದಲ್ಲಿ ನಿಂತು, ಹೆಸರು ಓದಿ, ಈ ಸಾಲನ್ನು ಲೂಪಿನೊಳಗೆ ಮತ್ತೆ ಮತ್ತೆ ನಡೆಸುವುದು:

ಇಲ್ಲಿ = ಇಲ್ಲಿ.ಮುಂದೆ

ಕೊನೆಯ ನಿಲ್ದಾಣವಾದ ತೋಕೂರಿನ ‘ಮುಂದೆ’ ಖಾಲಿ. ‘ಇಲ್ಲಿ’ ಎಂಬುದು ಖಾಲಿಯಾದಾಗ ನಿಲ್ಲಬೇಕು. ನಿಲ್ಲದೆ ಆ ಖಾಲಿಯನ್ನೇ ‘ನಿನ್ನ ಮುಂದೆ ಏನಿದೆ’ ಎಂದು ಕೇಳಿದರೆ ಪೈಥಾನ್ ದೋಷ ತೋರಿಸಿ ಪ್ರೋಗ್ರಾಮನ್ನು ನಿಲ್ಲಿಸುತ್ತದೆ. ಲಿಂಕ್ಡ್ ಲಿಸ್ಟ್ ಬರೆಯುವವರು ಹೆಚ್ಚು ಸಲ ಕಾಣುವ ದೋಷ ಇದೇ ಇರಬೇಕು. ಖಾಲಿ ವಿಳಾಸ ಎಂಬ ಕಲ್ಪನೆಯನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ತಂದ ಟೋನಿ ಹೋರ್, 2009ರಲ್ಲಿ ಅದನ್ನು ತಮ್ಮ ಶತಕೋಟಿ ಡಾಲರಿನ ತಪ್ಪು ಎಂದು ಕರೆದರು. ಆದರೂ ಸಾಲಿಗೆ ಕೊನೆಯೊಂದು ಬೇಕಲ್ಲ, ಆ ಖಾಲಿಯನ್ನು ಪರೀಕ್ಷಿಸುವ ಶಿಸ್ತನ್ನು ಕಲಿಯುವುದೊಂದೇ ದಾರಿ.

ಇನ್ನು ನಡುವೆ ಸೇರಿಸುವ ಕೆಲಸ. ಕೊಂಕಣ ಮಾರ್ಗದಲ್ಲಿ ಇದು ನಿಜವಾಗಿಯೇ ನಡೆದಿದೆ. ಒಂದೇ ಹಳಿಯಲ್ಲಿ ಹೆಚ್ಚು ಗಾಡಿ ಓಡಿಸಬೇಕೆಂದರೆ ಎದುರು ಬದುರು ಬರುವ ಗಾಡಿಗಳು ದಾಟಿಕೊಳ್ಳಲು ಜಾಗ ಬೇಕು. ಆ ಕಾರಣಕ್ಕೆ ಮಾರ್ಗದ ಉದ್ದಕ್ಕೂ 10 ಹೊಸ ಕ್ರಾಸಿಂಗ್ ನಿಲ್ದಾಣಗಳನ್ನು ಕೈಗೆತ್ತಿಕೊಂಡರು. ಕರ್ನಾಟಕದ ಪಾಲಿಗೆ ಬಂದವು ಎರಡು: ಗೋಕರ್ಣ ರೋಡ್ ಮತ್ತು ಕುಮಟಾ ನಡುವೆ ಮಿರ್ಜಾನ, ಉಡುಪಿ ಮತ್ತು ಪಡುಬಿದ್ರಿ ನಡುವೆ ಇನ್ನಂಜೆ. ಮಿರ್ಜಾನ ಬಂದಾಗ ಲೈನ್ ಕ್ಲಿಯರ್ ಕೇಳುವ ನೆರೆ ಬದಲಾದದ್ದು ಅದರ ಎರಡು ಬದಿಯವರಿಗೆ ಮಾತ್ರ. ಕಾಣಕೋಣದವರಿಗಾಗಲಿ ಬೈಂದೂರಿನವರಿಗಾಗಲಿ ನೆರೆ ಬದಲಾಗಲಿಲ್ಲ. ನಿಲ್ದಾಣಗಳಿಗೆ ಒಂದು, ಎರಡು, ಮೂರು ಎಂದು ಸಾಲು ಸಂಖ್ಯೆ ಕೊಟ್ಟು ಕೆಲಸ ನಡೆಸುತ್ತಿದ್ದರೆ ಮಿರ್ಜಾನದ ಮುಂದಿನವರೆಲ್ಲ ತಮ್ಮ ಸಂಖ್ಯೆಯನ್ನು ಒಂದೊಂದು ಮುಂದಕ್ಕೆ ಸರಿಸಿಕೊಳ್ಳಬೇಕಿತ್ತು. ಪೈಥಾನಿನ ಸಿದ್ಧ ಲಿಸ್ಟಿನ ನಡುವೆ ಏನನ್ನಾದರೂ ತುರುಕಿದಾಗ ಆಗುವುದು ಆ ಸರಿಸುವ ಕೆಲಸವೇ.

ಕೋಡಿನಲ್ಲಿ, ನಾವು ಗೋಕರ್ಣ ರೋಡಿನಲ್ಲಿ ನಿಂತಿದ್ದೇವೆ, ಅದೇ ‘ಇಲ್ಲಿ’, ಮಿರ್ಜಾನ ‘ಹೊಸದು’. ಎರಡು ಸಾಲು:

ಹೊಸದು.ಮುಂದೆ = ಇಲ್ಲಿ.ಮುಂದೆ
ಇಲ್ಲಿ.ಮುಂದೆ = ಹೊಸದು

ಮೊದಲು ಮಿರ್ಜಾನಕ್ಕೆ ಕುಮಟಾದ ವಿಳಾಸ ಕೊಡಬೇಕು, ಆಮೇಲೆ ಗೋಕರ್ಣಕ್ಕೆ ಮಿರ್ಜಾನದ ವಿಳಾಸ. ಈ ಎರಡು ಸಾಲುಗಳನ್ನು ತಿರುಗು ಮುರುಗು ಬರೆದರೆ ಏನಾಗುತ್ತದೆ ಎಂದು ಕಾಗದದ ಮೇಲೆ ಗೀಚಿ ನೋಡಿ. ಗೋಕರ್ಣ ಮಿರ್ಜಾನವನ್ನು ತೋರಿಸಿದ ಗಳಿಗೆಗೆ ಕುಮಟಾದ ವಿಳಾಸ ಕೈತಪ್ಪಿತು. ಆಮೇಲೆ ಮಿರ್ಜಾನದ ‘ಮುಂದೆ’ಗೆ ಸಿಗುವುದು ಮಿರ್ಜಾನವೇ. ಗಾಡಿ ಮಿರ್ಜಾನದಿಂದ ಹೊರಟು ಮಿರ್ಜಾನಕ್ಕೇ ಬರುತ್ತದೆ, ಮತ್ತೆ ಹೊರಡುತ್ತದೆ. ಪ್ರೋಗ್ರಾಮ್ ಕೊನೆಯಿಲ್ಲದೆ ಸುತ್ತುತ್ತಲೇ ಇರುತ್ತದೆ. ಕುಮಟಾ, ಹೊನ್ನಾವರ, ಉಡುಪಿ, ತೋಕೂರು ಎಲ್ಲವೂ ಮೆಮೊರಿಯಿಂದ ಜಾರಿ ಹೋಗುತ್ತವೆ. ದೋಷದ ಸಂದೇಶ ಒಂದೂ ಬರುವುದಿಲ್ಲ.

ಇಂಥ ಸುತ್ತು ಎಲ್ಲೋ ಹುದುಗಿದೆಯೇ ಎಂದು ಪತ್ತೆ ಮಾಡಲು ಒಂದು ಸೊಗಸಾದ ಉಪಾಯವಿದೆ. ಡೊನಾಲ್ಡ್ ಕ್ನೂತ್ ಅದನ್ನು ರಾಬರ್ಟ್ ಫ್ಲಾಯ್ಡ್ ಅವರದೆಂದು ಹೇಳಿದ್ದಾರೆ. ಒಂದೇ ಕಡೆಯಿಂದ ಇಬ್ಬರನ್ನು ಹೊರಡಿಸುವುದು. ಒಬ್ಬ ಒಂದೊಂದೇ ನೋಡ್ ನಡೆಯುತ್ತಾನೆ, ಇನ್ನೊಬ್ಬ ಎರಡೆರಡು. ಸಾಲಿಗೆ ಕೊನೆಯಿದ್ದರೆ ಬೇಗ ನಡೆಯುವವನು ಕೊನೆ ಮುಟ್ಟುತ್ತಾನೆ. ಸುತ್ತು ಇದ್ದರೆ ಅವನು ಸುತ್ತಿ ಬಂದು ನಿಧಾನದವನನ್ನು ಹಿಂದಿನಿಂದ ಹಿಡಿಯಲೇಬೇಕು, ಏಕೆಂದರೆ ಸುತ್ತಿನೊಳಗೆ ಇಬ್ಬರ ಅಂತರ ಪ್ರತಿ ಹೆಜ್ಜೆಗೂ ಒಂದರಂತೆ ಕಡಿಮೆಯಾಗುತ್ತಾ ಬರುತ್ತದೆ. ಸಾಲು ಎಷ್ಟೇ ಉದ್ದವಿರಲಿ, ನೆನಪಿಟ್ಟುಕೊಳ್ಳಬೇಕಾದ್ದು ಎರಡೇ ವಿಳಾಸ.

ಪೈಥಾನ್ ಎರಡು ಕೆಲಸಗಳನ್ನು ಒಂದೇ ಸಾಲಿನಲ್ಲಿ ಮಾಡಲು ಬಿಡುತ್ತದೆ. ಬಲಗಡೆಯದನ್ನೆಲ್ಲ ಮೊದಲು ಲೆಕ್ಕ ಹಾಕಿ ಇಟ್ಟುಕೊಂಡು, ಆಮೇಲೆ ಎಡದಿಂದ ಬಲಕ್ಕೆ ಒಂದೊಂದಾಗಿ ಹಂಚುತ್ತದೆ. ಉದ್ಯೋಗದ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಕೇಳುವ ‘ಸಾಲನ್ನು ತಿರುಗಿಸಿ’ ಎಂಬ ಪ್ರಶ್ನೆಗೆ ಈ ಗುಣವನ್ನು ಬಳಸಿ ಲೂಪಿನೊಳಗೆ ಒಂದೇ ಸಾಲಿನ ಉತ್ತರ ಬರೆಯಬಹುದು (‘ಹಿಂದೆ’ ಎಂಬುದು ಆಗಲೇ ತಿರುಗಿಸಿದ ಭಾಗವನ್ನು ಹಿಡಿದ ಹೆಸರು, ಶುರುವಿನಲ್ಲಿ ಖಾಲಿ):

ಇಲ್ಲಿ.ಮುಂದೆ, ಹಿಂದೆ, ಇಲ್ಲಿ = ಹಿಂದೆ, ಇಲ್ಲಿ, ಇಲ್ಲಿ.ಮುಂದೆ

ಚೊಕ್ಕವಾಗಿ ಕಾಣುತ್ತದೆ. ಆದರೆ ಎಡಗಡೆಯ ಮೂರರ ಕ್ರಮವನ್ನು, ಬಲಗಡೆಯದನ್ನೂ ಅದಕ್ಕೆ ಹೊಂದಿಸಿಕೊಂಡೇ, ಬದಲಾಯಿಸಿ ‘ಇಲ್ಲಿ’ಯನ್ನು ಮೊದಲು ಸರಿಸಿದರೆ ‘ಇಲ್ಲಿ.ಮುಂದೆ’ ಎಂಬುದು ಆಗಲೇ ಬೇರೆ ನಿಲ್ದಾಣದ ಮಾತಾಗಿರುತ್ತದೆ, ಕೊಂಡಿ ತಪ್ಪಾದ ಕಡೆ ಬೀಳುತ್ತದೆ. ಕಲಿಯುವಾಗ ಇದನ್ನು ನಾಲ್ಕು ಸಾಲುಗಳಾಗಿ ಬಿಡಿಸಿ ಬರೆಯುವುದೇ ಮೇಲು ಎನ್ನುವವನು ನಾನು. ಚಿಕ್ಕದಾಗಿ ಬರೆಯುವುದು ಅರ್ಥವಾದ ಮೇಲಿನ ಮಾತು.

ತೆಗೆಯುವುದು ಇನ್ನೂ ಸರಳ. ನಡುವಿನ ನಿಲ್ದಾಣವನ್ನು ಬಿಟ್ಟು ಅದರ ಮುಂದಿನದನ್ನು ತೋರಿಸಿದರೆ ಆಯಿತು:

ಇಲ್ಲಿ.ಮುಂದೆ = ಇಲ್ಲಿ.ಮುಂದೆ.ಮುಂದೆ

ಕೊಂಡಿ ತಪ್ಪಿದ ಆ ನೋಡ್ ಎಲ್ಲಿಗೆ ಹೋಯಿತು? ಸಿ ಭಾಷೆಯಲ್ಲಾದರೆ ಬರೆದವರೇ ಅದರ ಮೆಮೊರಿಯನ್ನು ಮರಳಿ ಒಪ್ಪಿಸಬೇಕು. ಮರೆತರೆ ಅದು ಹಾಗೇ ಬಿದ್ದಿರುತ್ತದೆ. ಬೇಗ ಒಪ್ಪಿಸಿ ಆಮೇಲೆ ಮತ್ತೆ ಮುಟ್ಟಿದರೆ ಪ್ರೋಗ್ರಾಮ್ ಕುಸಿಯುತ್ತದೆ. ಪೈಥಾನ್‌ನಲ್ಲಿ ಮರಳಿ ಒಪ್ಪಿಸುವ ಸಾಲೇ ಇಲ್ಲ. ಅದು ತಾನಾಗಿ ನಡೆಯುತ್ತದೆ. ಹೇಗೆ ಎಂದು ಕೇಳಿದರೆ ಉತ್ತರ ಲಿಂಕ್ಡ್ ಲಿಸ್ಟಿನ ಹುಟ್ಟಿಗೇ ಕರೆದೊಯ್ಯುತ್ತದೆ.

1950ರ ದಶಕದ ನಡುವೆ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಅಲೆನ್ ನ್ಯೂವೆಲ್, ಕ್ಲಿಫ್ ಶಾ ಮತ್ತು ಹರ್ಬರ್ಟ್ ಸೈಮನ್ ಒಂದು ಹೊಸ ಬಗೆಯ ಪ್ರೋಗ್ರಾಮ್ ಬರೆಯುತ್ತಿದ್ದರು. ಅದು ತರ್ಕಶಾಸ್ತ್ರದ ಪ್ರಮೇಯಗಳನ್ನು ತಾನೇ ಸಾಧಿಸಬೇಕಿತ್ತು. ಲಾಜಿಕ್ ಥಿಯರಿಸ್ಟ್ ಎಂಬ ಆ ಪ್ರೋಗ್ರಾಮ್ ವೈಟ್‌ಹೆಡ್ ಮತ್ತು ರಸೆಲ್ ಅವರ ‘ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ’ದ ಎರಡನೆಯ ಅಧ್ಯಾಯದ ಮೊದಲ 52 ಪ್ರಮೇಯಗಳಲ್ಲಿ 38ನ್ನು ಸಾಧಿಸಿತು. ಸಾಧನೆ ಎಷ್ಟು ಹೆಜ್ಜೆ ಬೆಳೆಯುತ್ತದೆ, ಎಲ್ಲಿ ಕವಲೊಡೆಯುತ್ತದೆ ಎಂದು ಮೊದಲೇ ಹೇಳಲು ಬರುವಂತಿರಲಿಲ್ಲ. ಇಷ್ಟು ಜಾಗ ಎಂದು ಮುಂಚಿತವಾಗಿ ಕಾದಿರಿಸುವ ಹಳೆಯ ಪದ್ಧತಿ ಅಲ್ಲಿ ನಡೆಯಲಿಲ್ಲ. ಬೇಕಾದಾಗ ಒಂದು ನೋಡ್ ತಂದು ಸೇರಿಸು, ಬೇಡವಾದಾಗ ಕಳಚು ಎಂಬ ವ್ಯವಸ್ಥೆಯನ್ನು ಅವರು ಐಪಿಎಲ್ ಎಂಬ ತಮ್ಮ ಭಾಷೆಯಲ್ಲಿ ಕಟ್ಟಿಕೊಂಡರು. ನ್ಯೂವೆಲ್ ಮತ್ತು ಸೈಮನ್ ಅವರಿಗೆ 1975ರ ಟ್ಯೂರಿಂಗ್ ಪ್ರಶಸ್ತಿ ಬಂತು. ಐಪಿಎಲ್‌ಗೂ ಮೊದಲೇ, 1953ರ ಜನವರಿಯಲ್ಲಿ, ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ ಒಂದು ಆಂತರಿಕ ಟಿಪ್ಪಣಿಯಲ್ಲಿ ಕೊಂಡಿ ಹಾಕಿದ ಸಾಲುಗಳ ಸೂಚನೆ ಕೊಟ್ಟಿದ್ದರು.

ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ಲಿಸ್ಪ್ ಭಾಷೆ ಶುರು ಮಾಡಿದಾಗ ಲಿಂಕ್ಡ್ ಲಿಸ್ಟನ್ನೇ ಭಾಷೆಯ ಮೂಲ ಧಾತುವಾಗಿ ತೆಗೆದುಕೊಂಡರು. ಕೊಂಡಿಗಳು ಒಂದರೊಳಗೊಂದು ಹೆಣೆದುಕೊಳ್ಳತೊಡಗಿದಾಗ ಯಾವ ನೋಡ್ ಇನ್ನು ಬೇಡ ಎಂದು ಮನುಷ್ಯರು ಲೆಕ್ಕವಿಡುವುದು ಆಗದ ಮಾತಾಯಿತು. ಮೆಕಾರ್ಥಿ ಕಂಡುಕೊಂಡ ದಾರಿ ಹೀಗಿತ್ತು: ಮೆಮೊರಿ ತುಂಬಿದಾಗ ಪ್ರೋಗ್ರಾಮನ್ನು ನಿಲ್ಲಿಸು, ಹೆಸರಿರುವ ಕಡೆಯಿಂದ ಎಲ್ಲ ಕೊಂಡಿಗಳನ್ನೂ ಹಿಡಿದು ನಡೆ, ತಲುಪಿದ್ದಕ್ಕೆಲ್ಲ ಗುರುತು ಹಾಕು, ಗುರುತಿಲ್ಲದ್ದನ್ನು ಗುಡಿಸಿ ಹಾಕು. ಗಾರ್ಬೇಜ್ ಕಲೆಕ್ಷನ್ ಎಂದು ಈಗ ಎಲ್ಲರೂ ಹೇಳುವುದು ಇದಕ್ಕೇ. 1960ರಲ್ಲಿ ಜಾರ್ಜ್ ಕಾಲಿನ್ಸ್ ಬೇರೆಯದೇ ದಾರಿ ಹಿಡಿದರು. ಪ್ರತಿ ನೋಡಿನ ಮೇಲೂ ಒಂದು ಸಂಖ್ಯೆ ಬರೆದಿಡು, ತನ್ನನ್ನು ಎಷ್ಟು ಕೊಂಡಿಗಳು ಹಿಡಿದುಕೊಂಡಿವೆ ಎಂದು. ಕೊಂಡಿ ಸೇರಿದರೆ ಒಂದು ಕೂಡಿಸು, ಕಳಚಿದರೆ ಒಂದು ಕಳೆ, ಸೊನ್ನೆಯಾದ ಗಳಿಗೆಗೆ ಆ ಜಾಗ ಖಾಲಿ ಮಾಡು. ಇದರ ಹೆಸರು ರೆಫರೆನ್ಸ್ ಕೌಂಟಿಂಗ್. ಕಾಲಿನ್ಸ್ ಬರೆದದ್ದು ಲಿಸ್ಟುಗಳನ್ನು ಅಳಿಸುವ ಸಮಸ್ಯೆಯ ಬಗ್ಗೆಯೇ. 1963ರಲ್ಲಿ ಮೆಕ್‌ಬೆತ್ ಎಂಬುವರು ಅದರ ಒಂದು ಕೊರತೆಯನ್ನು ತೋರಿಸಿದರು: ಎರಡು ನೋಡ್‌ಗಳು ಒಂದನ್ನೊಂದು ಹಿಡಿದುಕೊಂಡಿದ್ದರೆ ಹೊರಗಿನವರೆಲ್ಲ ಕೈಬಿಟ್ಟ ಮೇಲೂ ಅವುಗಳ ಸಂಖ್ಯೆ ಸೊನ್ನೆಗೆ ಇಳಿಯುವುದಿಲ್ಲ.

ನಾವೆಲ್ಲ ಬಳಸುವ ಸಾಮಾನ್ಯ ಪೈಥಾನ್ ಇಂದಿಗೂ ಕಾಲಿನ್ಸ್ ಅವರ ಲೆಕ್ಕದ ಮೇಲೆ ಓಡುತ್ತದೆ. ಮಿರ್ಜಾನವನ್ನು ಸಾಲಿನಿಂದ ಕಳಚಿದಾಗ ಅದನ್ನು ಹಿಡಿದ ಬೇರೆ ಹೆಸರು ಇಲ್ಲದಿದ್ದರೆ ಅದರ ಸಂಖ್ಯೆ ಸೊನ್ನೆಯಾಗಿ ಆ ಕ್ಷಣವೇ ಮೆಮೊರಿ ಬಿಡುಗಡೆಯಾಗುತ್ತದೆ. ಸಾಲಿನ ಮೊದಲ ಹೆಸರನ್ನೇ ಕೈಬಿಟ್ಟರೆ ಮೊದಲ ನೋಡ್ ಹೋಗುತ್ತದೆ, ಅದು ಹಿಡಿದಿದ್ದ ಎರಡನೆಯದರ ಸಂಖ್ಯೆ ಇಳಿದು ಅದೂ ಹೋಗುತ್ತದೆ, ಹೀಗೆ ತೋಕೂರಿನವರೆಗೂ. ಮೆಕ್‌ಬೆತ್ ತೋರಿಸಿದ ಕೊರತೆಯನ್ನು ತುಂಬಲು 2000ನೇ ಇಸವಿಯ ಪೈಥಾನ್ 2.0ರಲ್ಲಿ ಸುತ್ತು ಹುಡುಕುವ ಕಲೆಕ್ಟರ್ ಒಂದನ್ನು ಸೇರಿಸಿದರು. ಗೈಡೊ ವ್ಯಾನ್ ರೋಸಮ್ 1989ರ ಡಿಸೆಂಬರಿನಲ್ಲಿ ಕೈಗೆತ್ತಿಕೊಂಡು 1991ರಲ್ಲಿ ಹೊರತಂದ ಭಾಷೆ ಹೀಗೆ 1960ರ ಆಸುಪಾಸಿನ ಚರ್ಚೆಯ ಎರಡೂ ಕವಲುಗಳನ್ನು ಒಟ್ಟಿಗೆ ಹೊತ್ತಿದೆ. ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಲಿಂಕ್ಡ್ ಲಿಸ್ಟ್ ಬರೆಯುವುದು ವ್ಯರ್ಥ ಎನ್ನುವವರು ಈ ಇತಿಹಾಸವನ್ನು ಒಮ್ಮೆ ನೋಡಬೇಕು.

ಸುತ್ತಿನ ಮಾತು ಬರೀ ಪುಸ್ತಕದ್ದಲ್ಲ. ಗಾಡಿಗಳು ಎರಡೂ ಕಡೆ ಓಡುತ್ತವೆ. ಕಾಣಕೋಣಕ್ಕೆ ಲೋಲಿಯೆಂ ಗೊತ್ತಿದ್ದಂತೆ ಬಳ್ಳಿಯೂ ಗೊತ್ತಿರಬೇಕು. ಪ್ರತಿ ನೋಡಿಗೂ ‘ಹಿಂದೆ’ ಎಂಬ ಇನ್ನೊಂದು ಕೊಂಡಿ ಕೊಟ್ಟರೆ ಅದು ಡಬ್ಲಿ ಲಿಂಕ್ಡ್ ಲಿಸ್ಟ್. ಈಗ ಬಳ್ಳಿ ಕಾಣಕೋಣವನ್ನು ಹಿಡಿದಿದೆ, ಕಾಣಕೋಣ ಬಳ್ಳಿಯನ್ನು ಹಿಡಿದಿದೆ. ಇಡೀ ಸಾಲನ್ನು ನಾವು ಕೈಬಿಟ್ಟರೂ ಅವು ಪರಸ್ಪರ ಹಿಡಿದುಕೊಂಡೇ ಕೂತಿರುತ್ತವೆ, ಕಲೆಕ್ಟರ್ ಬಂದು ಬಿಡಿಸುವವರೆಗೆ. ಇದಕ್ಕೆ ಇನ್ನೊಂದು ಪರಿಹಾರ, ‘ಹಿಂದೆ’ಯ ಕೊಂಡಿಯನ್ನು ಲೆಕ್ಕಕ್ಕೆ ಸೇರದ ದುರ್ಬಲ ಕೊಂಡಿಯಾಗಿ ಇಡುವುದು. ಪೈಥಾನಿನಲ್ಲಿ ಅದಕ್ಕೆ ‘ವೀಕ್‌ರೆಫ್’ ಇದೆ. ಭಾಷೆಯ ಜೊತೆಗೇ ಬರುವ ‘ಆರ್ಡರ್ಡ್ ಡಿಕ್ಟ್’ನ ಪೈಥಾನ್ ರೂಪದಲ್ಲಿ ಹಿಂದಿನ ಕೊಂಡಿಗಳನ್ನು ಹಾಗೆಯೇ ಇಟ್ಟಿದ್ದಾರೆ.

ಮೊದಲ ನೋಡಿನ ತೊಡಕೂ ಒಂದಿದೆ. ನಡುವೆ ಸೇರಿಸುವಾಗ ಹಿಂದಿನವರ ಕೊಂಡಿ ಬದಲಿಸಿದರೆ ಆಯಿತು. ಎಲ್ಲಕ್ಕಿಂತ ಮೊದಲು ಸೇರಿಸುವಾಗ ಹಿಂದಿನವರೇ ಇಲ್ಲ. ಹಾಗಾಗಿ ಪ್ರತಿ ಫಂಕ್ಷನ್ನಿನಲ್ಲೂ ‘ಮೊದಲನೆಯದೇ ಆಗಿದ್ದರೆ’ ಎಂಬ ಒಂದು ಬೇರೆ ದಾರಿ ಬರೆಯಬೇಕಾಗುತ್ತದೆ. ಅನುಭವಿಗಳು ಅದನ್ನು ತಪ್ಪಿಸಲು ಸಾಲಿನ ಮುಂದೆ ಮಾಹಿತಿಯಿಲ್ಲದ ಒಂದು ಕಾವಲು ನೋಡ್ ಇಡುತ್ತಾರೆ. ಕೊಂಕಣ ರೈಲ್ವೆ ಶುರುವಾಗುವ ರೋಹಾ ಕೂಡ ಮಧ್ಯ ರೈಲ್ವೆಯ ನಿಲ್ದಾಣ; ತನ್ನದಲ್ಲದ ಒಂದು ಬಿಂದುವಿನ ಮೇಲೆ ಮಾರ್ಗ ತನ್ನ ಆರಂಭವನ್ನು ಊರಿದೆ. ಕಾವಲು ನೋಡ್ ಇದ್ದರೆ ಪ್ರತಿ ನಿಜವಾದ ನೋಡಿಗೂ ಒಬ್ಬ ಹಿಂದಿನವನು ಇದ್ದೇ ಇರುತ್ತಾನೆ, ಆ ಬೇರೆ ದಾರಿಯ ಅಗತ್ಯವೇ ಬೀಳುವುದಿಲ್ಲ.

ಪೈಥಾನಿಗೇ ವಿಶಿಷ್ಟವಾದ ಒಂದು ತಡೆಯೂ ಇದೆ. ಲಿಸ್ಪ್ ಓದಿದವರು ಸಾಲಿನ ಉದ್ದವನ್ನು ‘ಒಂದು, ಕೂಡಿಸು ಉಳಿದ ಸಾಲಿನ ಉದ್ದ’ ಎಂದು ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್ನಾಗಿ ಬರೆಯುತ್ತಾರೆ. ಓದಲು ಚೆಂದ. ಆದರೆ ಪೈಥಾನ್ ಸಾಮಾನ್ಯವಾಗಿ ಅಂಥ ಕರೆಗಳನ್ನು 1000ದ ಆಳಕ್ಕೆ ನಿಲ್ಲಿಸಿಬಿಡುತ್ತದೆ. ಕೊಂಕಣದ ನಿಲ್ದಾಣಗಳಿಗೆ ಅಷ್ಟು ಸಾಕು, ಬ್ಯಾಂಕಿನ ವ್ಯವಹಾರಗಳ ಸಾಲಿಗೆ ಸಾಲದು. ಲೂಪ್ ಬರೆಯುವುದೇ ಸರಿ. ಉದ್ದದ ಲಿಂಕ್ಡ್ ಲಿಸ್ಟನ್ನು ‘ಡೀಪ್ ಕಾಪಿ’ ಮಾಡಲು ಅಥವಾ ‘ಪಿಕಲ್’ ಬಳಸಿ ಫೈಲಿಗೆ ಉಳಿಸಲು ಹೋದರೂ ಇದೇ ಗೋಡೆ ಅಡ್ಡ ಬರುತ್ತದೆ, ಅವೆರಡೂ ಒಳಗೊಳಗೆ ತಮ್ಮನ್ನೇ ಕರೆದುಕೊಂಡು ಕೆಲಸ ಮಾಡುವುದರಿಂದ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ದಿನನಿತ್ಯದ ಕೆಲಸಕ್ಕೆ ಕೈಯಾರೆ ಕಟ್ಟಿದ ಲಿಂಕ್ಡ್ ಲಿಸ್ಟಿಗಿಂತ ಪೈಥಾನಿನ ಸಿದ್ಧ ಲಿಸ್ಟೇ ಬಹುತೇಕ ಯಾವಾಗಲೂ ಉತ್ತಮ. ಆ ಸಿದ್ಧ ಲಿಸ್ಟ್ ಒಳಗೆ ನಿಜಕ್ಕೂ ಒಂದು ಅರೇ: 8 ಬೈಟಿನ ವಿಳಾಸಗಳನ್ನು ಪಕ್ಕ ಪಕ್ಕ ಜೋಡಿಸಿದ ಪಟ್ಟಿ. ನೂರನೆಯದು ಬೇಕೆಂದರೆ ಗುಣಾಕಾರ ಒಂದರಿಂದ ಜಾಗ ಗೊತ್ತಾಗುತ್ತದೆ. ಲಿಂಕ್ಡ್ ಲಿಸ್ಟಿನಲ್ಲಿ ಮೊದಲಿನಿಂದ ನಡೆದೇ ಹೋಗಬೇಕು. ನಡುವೆ ತುರುಕುವಾಗ ಸರಿಸಬೇಕು ಎಂಬುದು ನಿಜ, ಆದರೆ ಒತ್ತೊತ್ತಾಗಿರುವ ಬೈಟುಗಳನ್ನು ಒಟ್ಟಿಗೆ ಸರಿಸುವುದರಲ್ಲಿ ಇಂದಿನ ಪ್ರೊಸೆಸರುಗಳು ಅಸಾಧಾರಣ ಚುರುಕು. ಚದುರಿ ಬಿದ್ದ ನೋಡ್‌ಗಳನ್ನು ಹುಡುಕಿಕೊಂಡು ಹೋಗುವುದು ಅವುಗಳಿಗೆ ಒಗ್ಗದ ಕೆಲಸ. ಸಿ ಪ್ಲಸ್ ಪ್ಲಸ್ ಭಾಷೆಯ ಜನಕ ಬಿಯಾರ್ನೆ ಸ್ಟ್ರಾಸ್ಟ್ರಪ್ 2012ರಲ್ಲಿ ಒಂದು ಉಪನ್ಯಾಸದಲ್ಲಿ, ನಡುವೆ ಸೇರಿಸಿ ತೆಗೆಯುವ ಕೆಲಸದಲ್ಲೂ ಅರೇ ಮಾದರಿಯೇ ಲಿಂಕ್ಡ್ ಲಿಸ್ಟನ್ನು ಹಿಂದೆ ಹಾಕುವುದನ್ನು ತೋರಿಸಿದ್ದರು. ಮೇಲಾಗಿ ಪೈಥಾನಿನಲ್ಲಿ ಪ್ರತಿ ನೋಡ್ ಒಂದು ಪೂರ್ಣ ಆಬ್ಜೆಕ್ಟ್. ತನ್ನ ಗುಣಗಳ ಪಟ್ಟಿಯನ್ನೂ ಹೊತ್ತುಕೊಂಡಿರುತ್ತದೆ. ‘ಸ್ಲಾಟ್ಸ್’ ಬರೆದು ಆ ಹೊರೆ ಇಳಿಸಬಹುದು, ಆದರೂ 8 ಬೈಟಿಗೆ ಅದು ಸರಿಸಾಟಿಯಲ್ಲ.

ಹಾಗಾಗಿ ಪಠ್ಯಗಳಿಂದ ಇದು ಸರಿದು ಹೋಗುತ್ತಿರುವುದಕ್ಕೂ ಕಾರಣವಿದೆ. ಕರ್ನಾಟಕದ ದ್ವಿತೀಯ ಪಿಯುಸಿಯ ಹಿಂದಿನ ಕಂಪ್ಯೂಟರ್ ವಿಜ್ಞಾನದ ಪುಸ್ತಕದಲ್ಲಿ ಸಿ ಪ್ಲಸ್ ಪ್ಲಸ್ ಇತ್ತು, ಡೇಟಾ ಸ್ಟ್ರಕ್ಚರ್ ಅಧ್ಯಾಯದಲ್ಲಿ ಲಿಂಕ್ಡ್ ಲಿಸ್ಟ್ ಇತ್ತು. ಎನ್‌ಸಿಇಆರ್‌ಟಿಯ 12ನೇ ತರಗತಿಯ ಪುಸ್ತಕ ಪೈಥಾನಿನದು. ಸ್ಟ್ಯಾಕ್, ಕ್ಯೂಗಳನ್ನು ಸಿದ್ಧ ಲಿಸ್ಟಿನ ಮೇಲೆಯೇ ಕಟ್ಟಿಸುತ್ತದೆ, ಲಿಂಕ್ಡ್ ಲಿಸ್ಟಿಗೆ ಅಲ್ಲಿ ಅಧ್ಯಾಯವಿಲ್ಲ. ಮುಂದೆ ಫರ್ಮಾಗುಡಿಯ ಗೋವಾ ಎಂಜಿನಿಯರಿಂಗ್ ಕಾಲೇಜಿಗೋ, ಜುವಾರಿನಗರದಲ್ಲಿ 2004ರಲ್ಲಿ ಆರಂಭವಾದ ಬಿಟ್ಸ್ ಕ್ಯಾಂಪಸ್ಸಿಗೋ, 2016ರಲ್ಲಿ ಶುರುವಾದ ಐಐಟಿಗೋ ಕಂಪ್ಯೂಟರ್ ಓದಲು ಹೋದವರಿಗೆ ಅದು ಎದುರಾಗುತ್ತದೆ. ಹೋಗದವರಿಗೆ ಎದುರಾಗುವುದೇ ಇಲ್ಲ. ಗೋವಾ ಸರ್ಕಾರ ಮಾಧ್ಯಮಿಕ ತರಗತಿಗಳಲ್ಲೇ ಕೋಡಿಂಗ್ ಮತ್ತು ರೊಬೊಟಿಕ್ಸ್ ಕಲಿಸುವ ಯೋಜನೆ ನಡೆಸುತ್ತಿದೆ. ರಾಜ್ಯದಲ್ಲಿ 2011ರ ಜನಗಣತಿಯಂತೆ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಜನರ ಮಾತೃಭಾಷೆ ಕನ್ನಡ. ವಾಸ್ಕೊ, ಜುವಾರಿನಗರಗಳ ಶಾಲೆಗಳಲ್ಲಿ ಅವರ ಮಕ್ಕಳಿದ್ದಾರೆ. ‘ಇಲ್ಲಿ.ಮುಂದೆ’ ಎಂದು ತಮ್ಮ ಮಾತಿನಲ್ಲೇ ಬರೆದು ಓಡಿಸಬಹುದಾದ ಪಾಠ ಅಂಥ ಮಕ್ಕಳಿಗೆ ಸಿಗಬೇಕು ಎಂಬುದು ನನ್ನ ಆಸೆ. ಹಾಗೆ ಬರೆಸುವ ಶಿಕ್ಷಕರು ಒಂದು ವಿಷಯ ಗಮನಿಸಬೇಕು: ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಟೈಪ್ ಮಾಡುವಾಗ ಸೇರಿಕೊಳ್ಳುವ, ಕಣ್ಣಿಗೆ ಕಾಣದ ಅಕ್ಷರ ಹೆಸರಿನೊಳಗೆ ಇದ್ದರೆ ಪೈಥಾನ್ ಒಪ್ಪುವುದಿಲ್ಲ. ‘ರಾಜ್‌ಕುಮಾರ್’ ಎಂಬ ಹೆಸರು ತಿರಸ್ಕಾರವಾಗುತ್ತದೆ, ‘ರಾಜಕುಮಾರ’ ನಡೆಯುತ್ತದೆ.

ಕ್ಲಾಸ್ ಬರೆಯಲು ಇನ್ನೂ ಬಾರದ ಮಕ್ಕಳಿಗೂ ದಾರಿಯಿದೆ. ಒಂದು ಡಿಕ್ಷನರಿಯಷ್ಟೇ ಇದ್ದರೆ ಸಾಕು:

ಮುಂದಿನದು["ಗೋಕರ್ಣ ರೋಡ್"] = "ಮಿರ್ಜಾನ"
ಮುಂದಿನದು["ಮಿರ್ಜಾನ"] = "ಕುಮಟಾ"

ಇಲ್ಲಿ ಮೆಮೊರಿಯ ವಿಳಾಸದ ಬದಲು ನಿಲ್ದಾಣದ ಹೆಸರೇ ಕೊಂಡಿ. ಆಬ್ಜೆಕ್ಟ್‌ಗಳೇ ಇಲ್ಲದ ಬ್ಯಾಶ್‌ನಂಥ ಶೆಲ್ ಭಾಷೆಯಲ್ಲೂ ಹೀಗೆ ಬರೆಯಬಹುದು. ಪೆನ್‌ಡ್ರೈವಿನಲ್ಲಿ ಬಳಸುವ ಫ್ಯಾಟ್32 ಪದ್ಧತಿಯೂ ಇದೇ ಜಾತಿಯದು: ಫೈಲಿನ ಪ್ರತಿ ತುಂಡಿಗೂ ಒಂದು ಸಂಖ್ಯೆ, ಆ ಸಂಖ್ಯೆಯ ಎದುರಿಗೆ ಮುಂದಿನ ತುಂಡಿನ ಸಂಖ್ಯೆ.

ಮಡಗಾಂವ್ ಬಂದಾಗ ಈ ಡಿಕ್ಷನರಿ ಸಾಲದಾಗುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಬಳ್ಳಿ. ಪೂರ್ವಕ್ಕೆ ಚಾಂದೋರ್, ಕುಳೆಂ, ದೂಧ್‌ಸಾಗರ ದಾಟಿ ಕ್ಯಾಸಲ್‌ರಾಕ್ ಹತ್ತುವ, ಪೋರ್ಚುಗೀಸರ ಕಾಲದ ಹಳೆಯ ಮಾರ್ಗ. ಹುಬ್ಬಳ್ಳಿಯವರು ಗೋವಾಕ್ಕೆ ಇಳಿಯುವುದು ಅದರಲ್ಲೇ. ಒಂದು ನಿಲ್ದಾಣಕ್ಕೆ ಎರಡು ‘ಮುಂದೆ’ ಬಂದ ಮೇಲೆ ಅದು ಸಾಲಲ್ಲ, ಗ್ರಾಫ್. ಅದರ ಪಾಠವೇ ಬೇರೆ.

ಹಾಗಾದರೆ ಲಿಂಕ್ಡ್ ಲಿಸ್ಟೇ ಬೇಕು ಎನ್ನುವ ಕೆಲಸ ಯಾವುದು? ನಡುವೆ ಸೇರಿಸುವುದು ಅಗ್ಗ ಎನ್ನುವ ಮಾತು ನಿಜವಾಗುವುದು ನಾವಾಗಲೇ ಆ ಜಾಗದಲ್ಲಿ ನಿಂತಿದ್ದರೆ ಮಾತ್ರ. ಅಲ್ಲಿಗೆ ನಡೆದು ಹೋಗಬೇಕಾದರೆ ಉಳಿತಾಯವೆಲ್ಲ ನಡಿಗೆಯಲ್ಲೇ ಕರಗುತ್ತದೆ. ನಡೆಯದೆ ನೇರವಾಗಿ ನೋಡಿಗೆ ತಲುಪುವ ಉಪಾಯ ಡಿಕ್ಷನರಿಯದು. ಎರಡನ್ನೂ ಸೇರಿಸಿದಾಗ ಒಂದು ಗಟ್ಟಿ ಸಾಧನ ಹುಟ್ಟುತ್ತದೆ. 2011ರ ಪೈಥಾನ್ 3.2ರಲ್ಲಿ ಬಂದ ‘ಎಲ್‌ಆರ್‌ಯು ಕ್ಯಾಶ್’ ಅಂಥದ್ದು. ಒಮ್ಮೆ ಲೆಕ್ಕ ಹಾಕಿದ ಉತ್ತರಗಳನ್ನು ಅದು ನೆನಪಿಟ್ಟುಕೊಳ್ಳುತ್ತದೆ, ಬೇರೆ ಹೇಳದಿದ್ದರೆ 128ರವರೆಗೆ. ಜಾಗ ತುಂಬಿದಾಗ ಬಹಳ ಹೊತ್ತಿನಿಂದ ಯಾರೂ ಕೇಳದ ಉತ್ತರವನ್ನು ಬಿಡುತ್ತದೆ. ಯಾವುದಾದರೂ ಉತ್ತರವನ್ನು ಕೇಳಿದರೆ ಡಿಕ್ಷನರಿ ಅದರ ನೋಡಿಗೆ ಒಯ್ಯುತ್ತದೆ. ಆ ನೋಡನ್ನು ಇದ್ದಲ್ಲಿಂದ ಕಳಚಿ ಸಾಲಿನ ತುದಿಗೆ ಜೋಡಿಸುತ್ತಾರೆ. ನಾಲ್ಕಾರು ಕೊಂಡಿ ಬದಲಾದರೆ ಮುಗಿಯಿತು, ಸಾಲಿನಲ್ಲಿ ಎಷ್ಟೇ ನೋಡ್‌ಗಳಿರಲಿ. ಎರಡೂ ತುದಿಗಳಿಂದ ತುಂಬಿ ತೆಗೆಯುವ ‘ಡೆಕ್’ ಕೂಡ ಒಳಗೆ ಲಿಂಕ್ಡ್ ಲಿಸ್ಟೇ, ಆದರೆ ಅದರ ಪ್ರತಿ ನೋಡಿನಲ್ಲಿ ಒಂದಲ್ಲ, 64 ವಿಳಾಸಗಳ ಜಾಗವಿದೆ. ಅರೇಯ ಒತ್ತು, ಕೊಂಡಿಯ ಸಡಿಲ ಎರಡೂ ಅದರಲ್ಲಿ ಕೂಡಿವೆ.

ಓಡುವಾಗ ಪೈಥಾನ್ ಬಳಸುವುದು ಎಲ್‌ಆರ್‌ಯು ಕ್ಯಾಶಿನ ಸಿ ಭಾಷೆಯ ರೂಪವನ್ನು. ಅದೇ ತರ್ಕವನ್ನು ಪೂರ್ತಿ ಪೈಥಾನಿನಲ್ಲಿ ಬರೆದ ರೂಪವೂ ‘ಫಂಕ್‌ಟೂಲ್ಸ್’ ಎಂಬ ಫೈಲಿನಲ್ಲಿದೆ. ಅಲ್ಲಿ ನೋಡಿಗಾಗಿ ಕ್ಲಾಸ್ ಬರೆದಿಲ್ಲ. ನಾಲ್ಕು ಮನೆಗಳ ಒಂದು ಸಿದ್ಧ ಲಿಸ್ಟೇ ನೋಡ್: ಹಿಂದಿನದು, ಮುಂದಿನದು, ಕೇಳಿದ ಪ್ರಶ್ನೆ, ಸಿಕ್ಕ ಉತ್ತರ. ಸಾಲಿನ ಆರಂಭಕ್ಕೆ ‘ರೂಟ್’ ಎಂಬ ಕಾವಲು ನೋಡ್ ಇದೆ, ಶುರುವಿನಲ್ಲಿ ಅದರ ಹಿಂದೆಯೂ ಮುಂದೆಯೂ ಅದೇ. ಮೇಲೆ ಕಂಡ ಸೇರಿಸುವ, ಕಳಚುವ ಸಾಲುಗಳೇ ಅಲ್ಲಿ ಬೇರೆ ಹೆಸರುಗಳಲ್ಲಿ ಸಿಗುತ್ತವೆ. ಪೈಥಾನ್ ಹಾಕಿಕೊಂಡ ಕಂಪ್ಯೂಟರಿನಲ್ಲಿ ಆ ಫೈಲ್ ಸಾಮಾನ್ಯವಾಗಿ ಜೊತೆಗೇ ಬಂದಿರುತ್ತದೆ, ತೆರೆದು ಓದಬಹುದು.